ಮರ್ಯಾದೆ ಯಾರಿಗೆ? ಯಾರ ಖರ್ಚಿನಲ್ಲಿ?

(ಬೆಳ್ಳಾರೆಯಲ್ಲಿ ಸ್ವಸಹಾಯ ಗುಂಪುಗಳ ಸದಸ್ಯೆಯರ ಸಭೆಯೊಂದರಲ್ಲಿ ಆಡಿದ ಮಾತಿನ ಬರಹರೂಪ)

ಅಕ್ಕಂದಿರೇ, ತಂಗಿಯರೇ,

ಬೆಳ್ಳಾರೆಗೆ ಬಂದು ಭಾಷಣ ಮಾಡುವವರು ಮೊದಲು 1837ರ ಅಮರ ಸುಳ್ಯದ ಹೋರಾಟವನ್ನು ನೆನೆಯುತ್ತಾರೆ. ಕಂಪೆನಿ ಸರಕಾರದ ಖಜಾನೆ ಹೋರಾಟಗಾರರ ಕೈವಶವಾದ ಬಂಗ್ಲೆಗುಡ್ಡೆಗೆ ಕೈಮುಗಿದು ಆಮೇಲೆ ವಿಷಯಕ್ಕೆ ಬರುತ್ತಾರೆ. ನಾನೂ ಕೈಮುಗಿದಿದ್ದೇನೆ. ಇವತ್ತು ನಾನು ಮಾತಾಡಬೇಕೆಂದುಕೊಂಡದ್ದು ಈ ಕೈಮುಗಿಯುವುದರ ಬಗ್ಗೆಯೇ.

ವರದಕ್ಷಿಣೆ ಮತ್ತು ಮನೆಯೊಳಗಿನ ಹಿಂಸೆ ಎಂದು ವಿಷಯ ಕೊಟ್ಟು ನನ್ನನ್ನು ಕರೆದಿದ್ದೀರಿ. ಕಾನೂನಿನ ಕಲಂಗಳನ್ನು ಹೇಳುತ್ತೇನೆ, ಆದರೆ ಕೊನೆಗೆ. ಅದಕ್ಕಿಂತ ಮೊದಲು ನಾವು ದಿನಾ ಆಡುವ ಕೆಲವು ಮಾತುಗಳನ್ನು ಸ್ವಲ್ಪ ತಿರುಗಿಸಿ ನೋಡೋಣ. ಬನ್ನಿ, ಕೂತುಕೊಳ್ಳಿ, ನೀವು, ಹೋಗಿ ಬರುತ್ತೇನೆ. ಇವೆಲ್ಲ ಮರ್ಯಾದೆಯ ಮಾತುಗಳು. ವರದಕ್ಷಿಣೆ ಎಂಬ ಪದವನ್ನು ನಾಲಗೆಗೆ ತಾಗಿಸದೆ ವರದಕ್ಷಿಣೆ ಕೇಳುವುದಕ್ಕೆ ನಮ್ಮ ಊರಿನಲ್ಲಿ ಬಳಕೆಯಾಗುತ್ತಿರುವುದೂ ಇವೇ ಮಾತುಗಳು. ಆದ್ದರಿಂದ ಇವುಗಳ ಲೆಕ್ಕ ಕೇಳಬೇಕಾಗಿದೆ.

ನಮ್ಮ ಜಿಲ್ಲೆಯವರು ಮರ್ಯಾದೆಗೆ ಹೆಸರಾದವರು. ಮನೆಯ ಅಂಗಳಕ್ಕೆ ಯಾರು ಬಂದರೂ ಮೊದಲು ಬೆಲ್ಲ ನೀರು. ಆಮೇಲೆ ಚಾ. ಹಿರಿಯರಾದರೆ ಎಲೆ ಅಡಿಕೆಯ ತಟ್ಟೆ, ತುಳುವಿನಲ್ಲಿ ನಾವು ಹೇಳುವ ಬಚ್ಚಿರೆ ಬಜ್ಜೆಯಿ. ಘಟ್ಟದ ಮೇಲಿನಿಂದ ಬಂದ ಗೆಳತಿಯರಿಗಾಗಿ ಒಂದು ಮಾತು ವಿವರಿಸುತ್ತೇನೆ. ತುಳುವಿನಲ್ಲಿ ‘ಬಲ’ ಎಂದರೆ ಬಾ, ‘ಬಲೆ’ ಎಂದರೆ ಬನ್ನಿ. ‘ಈ’ ಎಂದರೆ ನೀನು, ‘ಈರ್’ ಎಂದರೆ ನೀವು. ಒಂದು ಸಣ್ಣ ಅಕ್ಷರದಲ್ಲಿ ಎದುರಿಗಿರುವವನ ಸ್ಥಾನ ಎಲ್ಲಿ ಎಂಬುದು ತೀರ್ಮಾನವಾಗಿಬಿಡುತ್ತದೆ.

ಈಗ ನೀವೇ ನೆನಪು ಮಾಡಿಕೊಳ್ಳಿ. ನಿಮ್ಮ ಮನೆಯಲ್ಲಿ ‘ಈರ್’ ಯಾರಿಗೆ ಹೋಗುತ್ತದೆ, ‘ಈ’ ಯಾರಿಗೆ ಬರುತ್ತದೆ? ಹೆಂಡತಿ ಗಂಡನಿಗೆ ‘ಈರ್’ ಎನ್ನುವ ಮನೆಗಳು ಬೇಕಾದಷ್ಟು ಉಂಟು. ಗಂಡ ಹೆಂಡತಿಗೆ ಹಾಗೆ ಹೇಳುವ ಮನೆ ಯಾವುದಾದರೂ ಇದ್ದರೆ ನೆರೆಯವರು ನಗುತ್ತಾರೆ. ಪ್ರೀತಿಯಲ್ಲಿ ಏಕವಚನ ಇರಬಹುದು ಎಂದು ನೀವು ಹೇಳುತ್ತೀರಿ. ಖಂಡಿತ ಇರಬಹುದು, ಇಬ್ಬರ ಕಡೆಯಿಂದಲೂ ಇದ್ದರೆ. ಇನ್ನೊಂದು ಕಡೆಯೂ ನೋಡಿ. ಎಪ್ಪತ್ತು ವರ್ಷದ ದಲಿತ ಅಜ್ಜಿ ಅಡಿಕೆ ಹೆಕ್ಕಲು ತೋಟಕ್ಕೆ ಬಂದರೆ, ಆ ಮನೆಯ ಹೈಸ್ಕೂಲು ಹುಡುಗ ಅವರನ್ನು ಹೆಸರು ಹಿಡಿದು ‘ಈ’ ಎಂದೇ ಕರೆಯುವುದನ್ನು ನಾನು ಕೇಳಿದ್ದೇನೆ. ಅವನಿಗೆ ಅದನ್ನು ಯಾರೂ ಪಾಠ ಮಾಡಿಲ್ಲ. ಕೇಳಿಸಿಕೊಂಡು ಕಲಿತದ್ದು. ಆ ಹುಡುಗ ನಾಳೆ ಮದುವೆಯಾಗುತ್ತಾನೆ. ಮನೆಯೊಳಗೆ ತನಗಿಂತ ಕೆಳಗೆ ಇರಬೇಕಾದವರು ಯಾರು ಎಂಬ ಲೆಕ್ಕ ಅವನ ಬಾಯಲ್ಲಿ ಆಗಲೇ ತಯಾರಾಗಿ ಕೂತಿರುತ್ತದೆ.

ಗಂಡನ ಹೆಸರಿನ ವಿಷಯವೂ ಇದರ ಜೊತೆಯದೇ. ಬ್ಯಾಂಕಿನಲ್ಲಿ ಗುಂಪಿನ ಖಾತೆ ತೆರೆಯುವಾಗ ಗಂಡನ ಹೆಸರು ಕೇಳಿದರೆ ಪಕ್ಕದವಳ ಮುಖ ನೋಡಿ “ನೀನು ಹೇಳು ಮಾರಾಯ್ತಿ” ಎಂದವರು ಈ ಸಭೆಯಲ್ಲಿಯೇ ಇರಬಹುದು. ‘ನಮ್ಮವರು’, ‘ಮನೆಯವರು’, ‘ಯಜಮಾನರು’. ಉತ್ತರ ಕರ್ನಾಟಕದ ಹೆಂಗಸರು ಇದಕ್ಕೊಂದು ಚಂದದ ದಾರಿ ಹುಡುಕಿಕೊಂಡಿದ್ದಾರೆ. ಒಡಪು ಕಟ್ಟಿ, ಪ್ರಾಸದೊಳಗೆ ಗಂಡನ ಹೆಸರು ಸಿಕ್ಕಿಸಿ, ನಾಚಿಕೊಂಡು ಹೇಳಿಬಿಡುತ್ತಾರೆ. ಒಡಪು ನನಗೂ ಇಷ್ಟ. ಆದರೆ ಹೆಸರು ಹೇಳಿದರೆ ಆಯುಸ್ಸು ಕಡಿಮೆಯಾಗುತ್ತದೆ ಎಂಬುದು ನಿಜವಾಗಿದ್ದರೆ, ಇಷ್ಟು ವರ್ಷದಲ್ಲಿ ರೇಷನ್ ಕಾರ್ಡು, ಬೀಡಿ ಕಾರ್ಡು ಮತ್ತು ಬ್ಯಾಂಕಿನ ಪುಸ್ತಕಗಳು ಸೇರಿ ನಮ್ಮ ತಾಲೂಕಿನ ಗಂಡಸರಲ್ಲಿ ಒಬ್ಬರನ್ನೂ ಉಳಿಸುತ್ತಿರಲಿಲ್ಲ.

ಒಂದು ಎಚ್ಚರಿಕೆಯ ಮಾತು ಇಲ್ಲಿ ಬೇಕು. ಮಾತಿನ ರೂಪ ನೋಡಿದ ಕೂಡಲೇ ತೀರ್ಪು ಕೊಡಬಾರದು. ನಮ್ಮ ಕಡೆಯ ಹವ್ಯಕ ಭಾಷೆಯಲ್ಲಿ ಹೆಂಗಸರ ಬಗ್ಗೆ ‘ಅದು ಬಂತು’ ಎಂದೇ ಹೇಳುತ್ತಾರೆ. ಅಕ್ಕನಿಗೂ ಹಾಗೆ, ಅಮ್ಮನಿಗೂ ಹಾಗೆ. ಹೊರಗಿನವರು ಕೇಳಿ ಗಾಬರಿಯಾಗುತ್ತಾರೆ, ಹೆಂಗಸನ್ನು ವಸ್ತುವಿನ ಹಾಗೆ ಕಾಣುತ್ತಾರೆ ಎಂದು ಲೇಖನ ಬರೆಯುತ್ತಾರೆ. ಆ ಮಾತನ್ನಾಡುವ ಮನೆಗಳಲ್ಲಿ ಅಮ್ಮನ ಬಗ್ಗೆ ಅತ್ಯಂತ ಪ್ರೀತಿಯಿಂದ ‘ಅದು’ ಎನ್ನುವವರನ್ನು ನಾನು ಬಲ್ಲೆ. ‘ಅವರು’ ಎಂದು ಬಹುವಚನದಲ್ಲಿ ಹೇಳುತ್ತಲೇ ಹೆಂಡತಿಗೆ ಹೊಡೆಯುವವರನ್ನೂ ಬಲ್ಲೆ. ನಾವು ನೋಡಬೇಕಾದದ್ದು ಮಾತು ಯಾವಾಗ ಬದಲಾಗುತ್ತದೆ ಎಂಬುದನ್ನು. ಅದಕ್ಕೆ ಈಗ ಬರುತ್ತೇನೆ.

ಹೆಣ್ಣು ನೋಡಲು ಬಂದಾಗ ಗಂಡಿನ ಕಡೆಯವರು ಆಡುವ ಮಾತು ನಿಮಗೆಲ್ಲ ಬಾಯಿಪಾಠ. “ನಾವೇನೂ ಕೇಳುವವರಲ್ಲ. ನಮಗೆ ಹುಡುಗಿ ಸಾಕು. ಇನ್ನು ನಿಮ್ಮ ಮರ್ಯಾದೆಗೆ ತಕ್ಕ ಹಾಗೆ ನೀವು ಮಾಡುತ್ತೀರಿ.” ಎಷ್ಟು ನಯ! ಎಲ್ಲವೂ ಬಹುವಚನ. ಇದರಲ್ಲಿ ತಪ್ಪು ಹುಡುಕಲು ಯಾವ ಪೊಲೀಸನಿಗೂ ಸಾಧ್ಯವಿಲ್ಲ. ಆದರೆ ಅವರು ಎದ್ದು ಹೋದ ಮೇಲೆ ಆ ಮನೆಯಲ್ಲಿ ರಾತ್ರಿ ಯಾರಿಗೂ ನಿದ್ರೆ ಬರುವುದಿಲ್ಲ. ನಮ್ಮ ಮರ್ಯಾದೆ ಎಷ್ಟು ಪವನಿನದು? ಹತ್ತೋ, ಇಪ್ಪತ್ತೈದೋ? ಅವರ ದೊಡ್ಡ ಸೊಸೆಗೆ ಎಷ್ಟು ಹಾಕಿದ್ದರಂತೆ? ಪವನು ಎಂದರೆ 8 ಗ್ರಾಂ. ಇವತ್ತಿನ ಬೆಲೆಯಲ್ಲಿ ಒಂದೊಂದು ಪವನಿಗೆ ಬೀಡಿ ಕಟ್ಟುವ ಹೆಂಗಸು ಎಷ್ಟು ತಿಂಗಳು ಮೊರದ ಮುಂದೆ ಕೂರಬೇಕು ಎಂದು ಮನೆಗೆ ಹೋಗಿ ಲೆಕ್ಕ ಹಾಕಿ. ಮರ್ಯಾದೆ ಎಂಬ ಪದಕ್ಕೆ ಸಂಸ್ಕೃತದಲ್ಲಿ ಎಲ್ಲೆ, ಗಡಿ ಎಂದು ಅರ್ಥ. ಗಂಡಿನ ಕಡೆಯವರ ಬಾಯಲ್ಲಿ ಬಂದಾಗ ಅದಕ್ಕೆ ಎಲ್ಲೆಯೇ ಇರುವುದಿಲ್ಲ. ‘ಇಷ್ಟು ಕೊಡಿ’ ಎಂದು ಬಾಯಿಬಿಟ್ಟು ಹೇಳಿದ್ದರೆ, ಆಗುವುದಿಲ್ಲ ಎಂದು ಹೇಳಬಹುದಿತ್ತು. ‘ನಿಮ್ಮ ಮರ್ಯಾದೆ’ ಎಂದರೆ ಯಾವ ತಂದೆ ಆಗುವುದಿಲ್ಲ ಎನ್ನುತ್ತಾನೆ?

ಮದುವೆಯ ದಿನ ದಿಬ್ಬಣ ಬರುತ್ತದೆ. ಹೆಣ್ಣಿನ ಕಡೆಯವರು ಬಾಗಿಲಲ್ಲಿ ನಿಂತು ಎದುರುಗೊಳ್ಳಬೇಕು. ಕಾಲಿಗೆ ನೀರು, ಪನ್ನೀರು, ಬೆಲ್ಲ ನೀರು, ಯಾರಿಗೆ ಮೊದಲು, ಯಾರಿಗೆ ಆಮೇಲೆ. ಎಷ್ಟೋ ಕಡೆ ಹೆಣ್ಣಿನ ತಂದೆ ತನಗಿಂತ ಮೂವತ್ತು ವರ್ಷ ಚಿಕ್ಕವನ ಕಾಲು ತೊಳೆಯುತ್ತಾರೆ. ಅತಿಥಿಗೆ ಉಪಚಾರ ಮಾಡುವುದು ಒಳ್ಳೆಯದೇ. ಆದರೆ ಈ ಉಪಚಾರ ಒಂದೇ ದಿಕ್ಕಿಗೆ ಹರಿಯುತ್ತದೆ. ಹೆಣ್ಣಿನ ತಂದೆ ಗಂಡಿನ ಮನೆಗೆ ಹೋದಾಗ ಗಂಡಿನ ತಂದೆ ಕಾಲು ತೊಳೆದದ್ದನ್ನು ನಾನಂತೂ ನೋಡಿಲ್ಲ.

ನನಗೆ ಗೊತ್ತಿರುವ ಒಬ್ಬಳ ಕಥೆ ಹೇಳುತ್ತೇನೆ, ಹೆಸರು ಊರು ಬೇಡ. ಮದುವೆಯ ಊಟದಲ್ಲಿ ಗಂಡಿನ ಸೋದರಮಾವನಿಗೆ ಪಾಯಸ ಬರುವುದು ತಡವಾಯಿತು. ಅಷ್ಟೇ ನಡೆದದ್ದು. ಅಡುಗೆಯವರು ಎರಡನೇ ಪಂಕ್ತಿಗೆ ಪಾಯಸದ ಪಾತ್ರೆ ಬದಲಾಯಿಸುತ್ತಿದ್ದರಂತೆ. ಅದು ‘ನಮ್ಮ ದಿಬ್ಬಣಕ್ಕೆ ಮರ್ಯಾದೆ ಮಾಡಲಿಲ್ಲ’ ಎಂದಾಯಿತು. ಮೊದಲು ನಗುತ್ತ ಹೇಳುತ್ತಿದ್ದರು. ಮೂರು ತಿಂಗಳಿಗೆ ನಗು ಹೋಯಿತು. ಆರು ತಿಂಗಳಿಗೆ ಆ ತಡವಾದ ಪಾಯಸಕ್ಕೆ ಬದಲಾಗಿ ಒಂದು ಬೈಕು ಕೊಡಿಸಬಹುದಿತ್ತಲ್ಲ ಎಂಬ ಮಾತು ಬಂತು. ಅವಳು ನನ್ನ ಹತ್ತಿರ ಹೇಳಿದ ಒಂದು ವಿಷಯ ನನ್ನ ಮನಸ್ಸಿನಿಂದ ಹೋಗುವುದಿಲ್ಲ. “ಹೊಡೆತ ಬೀಳುವುದಕ್ಕೆ ಮೊದಲೇ ನನಗೆ ಗೊತ್ತಾಗಿತ್ತು ಅಕ್ಕ. ನಿಶ್ಚಿತಾರ್ಥದಲ್ಲಿ ನನ್ನ ಅಪ್ಪ ‘ನಿಮ್ಮ ತಂದೆಯವರು’ ಆಗಿದ್ದರು. ಮದುವೆಯಾದ ಮೇಲೆ ‘ನಿನ್ನ ಅಪ್ಪ’ ಆದರು. ಆಮೇಲೆ ‘ಅವನು’ ಆದರು. ‘ಅವನು’ ಆದ ವಾರದಲ್ಲಿ ನನಗೆ ಮೊದಲ ಪೆಟ್ಟು ಬಿತ್ತು.”

ಇದನ್ನು ನಾನು ಹಲವು ಹೆಣ್ಣುಮಕ್ಕಳಲ್ಲಿ ವಿಚಾರಿಸಿ ನೋಡಿದ್ದೇನೆ. ಎಲ್ಲರದ್ದೂ ಒಂದೇ ರೀತಿ ಎಂದು ಹೇಳಲಾರೆ. ಆದರೆ ಬಹಳ ಮಂದಿ ಸ್ವಲ್ಪ ಯೋಚಿಸಿ, “ಹೌದಲ್ಲ, ಮಾತು ಮೊದಲು ಬದಲಾಗಿತ್ತು” ಎಂದಿದ್ದಾರೆ. ಕೈ ಎತ್ತುವುದಕ್ಕೆ ಮುಂಚೆ ನಾಲಗೆಯನ್ನು ಬಿಟ್ಟು ನೋಡುತ್ತಾರೆ. ಯಾರೂ ಕೇಳದಿದ್ದರೆ ಆಮೇಲೆ ಕೈ ಬರುತ್ತದೆ. ನಿಮ್ಮ ಗುಂಪಿನ ಹೊಸ ಸೊಸೆಯೊಬ್ಬಳು “ನನ್ನ ಅಪ್ಪನಿಗೆ ಅವನು ಇವನು ಎನ್ನುತ್ತಾರೆ” ಎಂದು ಕಣ್ಣೀರು ಹಾಕಿದರೆ, ಸಣ್ಣ ವಿಷಯ, ಹೊಂದಿಕೊಂಡು ಹೋಗು ಎನ್ನಬೇಡಿ. ಸಭೆ ಮುಗಿದ ಮೇಲೆ ಅವಳ ಜೊತೆ ಮನೆಯ ತನಕ ನಡೆದುಕೊಂಡು ಹೋಗಿ.

ಇನ್ನು ಹೆಣ್ಣೊಪ್ಪಿಸುವ ಶಾಸ್ತ್ರ. ಹುಡುಗಿಯ ಕೈಯನ್ನು ಅತ್ತೆಯ ಕೈಯಲ್ಲಿಟ್ಟು ಹಿರಿಯರೊಬ್ಬರು ಹೇಳುತ್ತಾರೆ, “ನಿಮ್ಮ ಮಗಳೆಂದೇ ತಿಳಿದುಕೊಳ್ಳಿ. ತಪ್ಪಿದರೆ ತಿದ್ದಿಕೊಳ್ಳಿ.” ಎಲ್ಲರ ಕಣ್ಣಲ್ಲೂ ನೀರು. ನನಗೂ ಬರುತ್ತದೆ. ಆದರೆ ಆ ಎರಡನೇ ವಾಕ್ಯ ಎಷ್ಟು ಅಪಾಯದ್ದು ನೋಡಿ. ಐನೂರು ಜನರ ಎದುರು, ಕೈಮುಗಿದು, ನಾವೇ ಪರವಾನಿಗೆ ಕೊಡುತ್ತಿದ್ದೇವೆ. ತಪ್ಪು ಯಾವುದು, ಹೇಗೆ ತಿದ್ದುವುದು ಎಂಬುದನ್ನು ಅವರಿಗೇ ಬಿಟ್ಟಾಯಿತು. ಶಾಸ್ತ್ರವನ್ನೇ ಬಿಡಿ ಎಂದರೆ ನೀವು ಕೇಳಲಿಕ್ಕಿಲ್ಲ. ಮಾತು ಬದಲಾಯಿಸಿ. “ಇವಳು ನಮ್ಮ ಮಗಳು. ನಿಮ್ಮ ಮನೆಗೆ ಬರುತ್ತಿದ್ದಾಳೆ. ಏನಾದರೂ ಇದ್ದರೆ ನಮಗೆ ಹೇಳಿ ಕಳಿಸಿ, ನಾವು ಬರುತ್ತೇವೆ” ಎನ್ನಿ. ಗಂಡಿನ ಕಡೆಯವರು ಮುಖ ಮುಖ ನೋಡಿಕೊಳ್ಳಬಹುದು. ನೋಡಲಿ. ನಾವು ಬರುವವರು ಎಂಬುದು ಅವರಿಗೆ ಆ ದಿನವೇ ಗೊತ್ತಾಗುವುದು ಒಳ್ಳೆಯದು.

ಗೌರವವನ್ನು ಉಡುಗೊರೆಯ ತಟ್ಟೆಯಲ್ಲಿಟ್ಟು ಕೊಟ್ಟಾಗ ಅದನ್ನು ಬೇಡ ಎಂದ ಹೆಣ್ಣು ನಮ್ಮ ತುಳುನಾಡಿನಲ್ಲಿಯೇ ಇದ್ದಾಳೆ. ಸಿರಿ. ಸಿರಿಯ ಬಯಕೆಯ ಸಮಾರಂಭಕ್ಕೆ ಗಂಡ ಬಸ್ರೂರಿನ ಕಾಂತು ಪೂಂಜ ಸೀರೆ ತಂದ. ಸಭೆಯ ಎದುರು ಕೊಡುವ ಮರ್ಯಾದೆಯ ಸೀರೆ ಅದು. ದಾರಿಯಲ್ಲಿ ಅವನು ಸಿದ್ದು ಎಂಬ ಹೆಂಗಸಿನ ಮನೆಗೆ ಹೋಗಿದ್ದ, ಆ ಸೀರೆಯನ್ನು ಮೊದಲು ಅವಳು ಉಟ್ಟು ನೋಡಿದ್ದಳು. ಸಿರಿಗೆ ಅದು ತಿಳಿಯಿತು. ತುಂಬಿದ ಬಸುರಿ, ನೆರೆದ ಬಂಧುಗಳ ಮುಂದೆ, ಈ ಸೀರೆ ನನಗೆ ಬೇಡ ಎಂದಳು. ಮುಂದೆ ಗಂಡನ ಅನ್ಯಾಯ ಮುಂದುವರಿದಾಗ ಮದುವೆಯ ಸಂಬಂಧವನ್ನು ತಾನೇ ಕಡಿದು, ಮಗು ಕುಮಾರನೊಂದಿಗೆ ಹೊರಟಳು. ಮಾಚಾರಿನ ಗೋಪಾಲ ನಾಯ್ಕರು ಹಾಡಿದ ಸಿರಿಯ ಕಥೆಯನ್ನು 1990ರಲ್ಲಿ ಧ್ವನಿಮುದ್ರಣ ಮಾಡಿ, 1998ರಲ್ಲಿ ಫಿನ್ಲೆಂಡಿನಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಅದರಲ್ಲಿ 15,683 ಸಾಲುಗಳಿವೆ. ಸಿರಿಜಾತ್ರೆಗೆ ಹೋಗಿ ಸಿರಿಗೆ ಕೈಮುಗಿಯುವವರು ಸಾವಿರಾರು. ಅದೇ ಜನ, ತಮ್ಮ ಮನೆಯ ಮಗಳು ಸಿರಿಯ ಹಾಗೆ ಒಂದು ಸೀರೆಯನ್ನು ಬೇಡ ಎಂದರೆ “ನಾಲ್ಕು ಜನರ ಎದುರು ಮರ್ಯಾದೆ ತೆಗೆದಳು” ಎನ್ನುತ್ತಾರೆ.

ಸಿರಿ ಸತ್ಯನಾಪುರದ ತನ್ನ ಮನೆಯನ್ನು ತನ್ನದು ಎಂದೇ ತಿಳಿದವಳು. ಅಳಿಯಕಟ್ಟಿನ ಕುಟುಂಬಗಳಲ್ಲಿ ಹೆಣ್ಣಿಗೆ ತಾಯಿಮನೆಯೇ ಮನೆ ಎಂಬ ನಡಾವಳಿ ಇತ್ತು. ಅಲ್ಲಿಯೂ ಅಧಿಕಾರ ಹೆಚ್ಚಾಗಿ ಸೋದರಮಾವನ ಕೈಯಲ್ಲಿತ್ತು, ಅದನ್ನು ಸ್ವರ್ಗ ಎಂದು ನಾನು ಹೇಳುವುದಿಲ್ಲ. ಆದರೆ ವಾಪಸು ಬಂದ ಮಗಳು ‘ಬಂದವಳು’ ಆಗುತ್ತಿರಲಿಲ್ಲ. ಈಗ ಆಗುತ್ತಿದ್ದಾಳೆ. ನನ್ನ ಇವತ್ತಿನ ಮಾತಿನಲ್ಲಿ ಮುಖ್ಯವಾದದ್ದು ಇದು.

ಮದುವೆಯಾದ ಮಗಳು ಮಧ್ಯಾಹ್ನದ ಬಸ್ಸಿಗೆ, ಹೇಳದೆ ಕೇಳದೆ, ಒಂದು ಬ್ಯಾಗು ಹಿಡಿದು ಒಬ್ಬಳೇ ಬಂದು ಅಂಗಳದಲ್ಲಿ ನಿಲ್ಲುತ್ತಾಳೆ. ನಾವು ಆಡುವ ಮೊದಲ ಮಾತು ಯಾವುದು? “ಎಂತ, ಒಬ್ಬಳೇ ಬಂದದ್ದಾ?” ಎರಡನೆಯದು, “ಹೇಳಿ ಬಂದಿದ್ದೀಯಾ?” ಮೂರನೆಯದು, “ಯಾವಾಗ ಹೋಗುವುದು?” ದಾರಿಹೋಕನಿಗೆ ಬೆಲ್ಲ ನೀರು ಕೊಟ್ಟು ಆಮೇಲೆ ಯಾರು ಎಂದು ಕೇಳುವ ಊರು ನಮ್ಮದು. ಹೆತ್ತ ಮಗಳಿಗೆ ನೀರಿಗೆ ಮೊದಲು ವಿಚಾರಣೆ. ನಮ್ಮಲ್ಲಿ ಮನೆಯಿಂದ ಹೊರಡುವಾಗ ‘ಹೋಗುತ್ತೇನೆ’ ಎನ್ನಬಾರದು, ‘ಹೋಗಿ ಬರುತ್ತೇನೆ’ ಎನ್ನಬೇಕು. ತುಳುವಿನಲ್ಲಿಯೂ ‘ಪೋದು ಬರ್ಪೆ’. ಮದುವೆಯ ದಿನ ಅವಳೂ ಹಾಗೆಯೇ ಹೇಳಿ ಹೊರಟವಳು. ಬಂದಾಗ ಬಾಗಿಲಲ್ಲಿ ನಾವು ಪ್ರಶ್ನೆಪತ್ರಿಕೆ ಹಿಡಿದು ನಿಂತರೆ, ಅವಳಿಗೆ ಅರ್ಥವಾಗುವುದು ಒಂದೇ, ಇಲ್ಲಿ ಜಾಗವಿಲ್ಲ. ಸಂಜೆಯ ಬಸ್ಸಿಗೆ ಬುದ್ಧಿ ಹೇಳಿ ವಾಪಸು ಕಳಿಸಿದ ಮಕ್ಕಳಲ್ಲಿ ಕೆಲವರನ್ನು ಆಮೇಲೆ ಆಸ್ಪತ್ರೆಯಲ್ಲಿ ನೋಡಿದ್ದೇವೆ. ಕೆಲವರನ್ನು ಬಾವಿಕಟ್ಟೆಯ ಹತ್ತಿರ, ಬಿಳಿ ಬಟ್ಟೆ ಹೊದೆಸಿದ ಮೇಲೆ ನೋಡಿದ್ದೇವೆ. ಆಗ ಊರಿಗೆ ಊರೇ ಮರ್ಯಾದೆಯಿಂದ ಎದ್ದು ನಿಲ್ಲುತ್ತದೆ.

ಮೊದಲ ಮಾತು ‘ಬಾ’ ಆಗಿರಲಿ. ಕೂತುಕೋ. ನೀರು ಕುಡಿ. ಊಟ ಆಯಿತಾ? ಆ ರಾತ್ರಿ ಬೇರೆ ಏನನ್ನೂ ಕೇಳಬೇಡಿ. ತಾಯಿಯ ಪಕ್ಕ ಮಲಗಿದರೆ ಅವಳೇ ಹೇಳುತ್ತಾಳೆ. ನಮ್ಮ ಹಿರಿಯರು ಇದಕ್ಕೆ ಒಂದು ವ್ಯವಸ್ಥೆಯನ್ನೇ ಮಾಡಿದ್ದರು. ಹೊಸ ಮದುಮಗಳು ಆಟಿ ತಿಂಗಳಿನಲ್ಲಿ ತಾಯಿಮನೆಗೆ ಬಂದು ಇರುವುದು, ಆಟಿ ಕುಳ್ಳುವುದು ಎನ್ನುತ್ತೇವಲ್ಲ, ಅದು. ಜಡಿಮಳೆಯಲ್ಲಿ ಕೆಲಸ ಕಡಿಮೆ, ಹುಡುಗಿಗೆ ವಿಶ್ರಾಂತಿ ಎಂದು ಕಾರಣ ಹೇಳುತ್ತಾರೆ. ಆ ದಿನಗಳು ಬರೇ ಪತ್ರೊಡೆ ತಿನ್ನಿಸುವುದಕ್ಕೆ ಮುಗಿದುಹೋಗದಿರಲಿ. ತಲೆಗೆ ಎಣ್ಣೆ ಹಚ್ಚುವಾಗ ಬೆನ್ನು, ತೋಳು ನೋಡಿ. ಹಾಕಿ ಕಳಿಸಿದ ಬಳೆ ಕೈಯಲ್ಲಿ ಉಂಟೋ, ಯಾರ ಕಪಾಟಿನಲ್ಲಿ ಉಂಟು ಎಂದು ಕೇಳಿ. ನಿನ್ನನ್ನು ಆ ಮನೆಯಲ್ಲಿ ಏನೆಂದು ಕರೆಯುತ್ತಾರೆ ಎಂದು ಕೇಳಿ.

ನಮ್ಮ ಗುಂಪುಗಳ ಒಳಗೂ ಸ್ವಲ್ಪ ನೋಡಿಕೊಳ್ಳಬೇಕು. ವಾರ್ಷಿಕ ಸಭೆಯ ದಿನ ಬಾಗಿಲಲ್ಲಿ ಅರಶಿನ ಕುಂಕುಮ, ಹೂವಿನ ತಟ್ಟೆ ಹಿಡಿದು ಸ್ವಾಗತಿಸುತ್ತೇವೆ. ಗಂಡ ತೀರಿಹೋದವಳು ಬಂದಾಗ ತಟ್ಟೆ ಹಿಡಿದ ಕೈ ಒಂದು ಕ್ಷಣ ಹಿಂದೆ ಸರಿಯುತ್ತದೆ. ವಾರವಾರ ತಪ್ಪದೆ ಉಳಿತಾಯ ಕಟ್ಟುವವಳು ಅವಳು, ಹಣ ತೆಗೆದುಕೊಳ್ಳುವಾಗ ಆ ಕೈ ಸರಿಯುವುದಿಲ್ಲ. ಹೂವು ಕೊಡುವುದಾದರೆ ಎಲ್ಲರಿಗೂ ಕೊಡಿ, ಬೇಡದವಳು ಬೇಡ ಎನ್ನಲಿ. ಜಾತಿ ನೋಡಿ ‘ಅಕ್ಕ’ ಎನ್ನುವುದು, ಜಾತಿ ನೋಡಿ ಬರೇ ಹೆಸರು ಹಿಡಿಯುವುದು ಕೂಡ ಸಭೆಯ ಚಾಪೆಯ ಹೊರಗೆ ಉಳಿಯಲಿ.

ಸಾಲದ ಪುಸ್ತಕದ ಬಗ್ಗೆ ಹೇಳಿದರೆ ಕೆಲವರಿಗೆ ಸಿಟ್ಟು ಬರಬಹುದು. ಕಾರಣದ ಕಲಮಿನಲ್ಲಿ ‘ಮನೆ ರಿಪೇರಿ’ ಎಂದು ಬರೆಯುತ್ತೇವೆ, ಹಣ ಹೋಗುವುದು ಚಿನ್ನದಂಗಡಿಗೆ. ಹತ್ತು ಹೆಂಗಸರು ಬೀಡಿ ಕಟ್ಟಿ, ರಬ್ಬರ್ ಹಾಲು ತೆಗೆದು, ಹಟ್ಟಿಗೆ ಸೊಪ್ಪು ಹೊತ್ತು ಕೂಡಿಸಿದ ಹಣದಿಂದ ಹನ್ನೊಂದನೆಯವಳ ಮಗಳ ವರದಕ್ಷಿಣೆ ಕೊಡುವುದಾದರೆ ನಾವು ಯಾವ ಸಂಘ ಕಟ್ಟಿದಂತಾಯಿತು? ಸಾಲ ಬೇಡ ಎನ್ನುತ್ತಿಲ್ಲ. ಸಾಲ ಕೊಡುವ ಮೊದಲು ಆ ತಾಯಿಯ ಜೊತೆ ಇಬ್ಬರು ಹೋಗಿ ಗಂಡಿನ ಕಡೆಯವರ ಮುಂದೆ ಕೂತು, “ನಿಮ್ಮ ಮರ್ಯಾದೆಗೆ ತಕ್ಕ ಹಾಗೆ ಎಂದಿರಲ್ಲ, ಅದು ಎಷ್ಟು ಎಂದು ಬಿಡಿಸಿ ಹೇಳಿ, ನಾವು ಪುಸ್ತಕದಲ್ಲಿ ಬರೆಯಬೇಕು” ಎಂದು ಕೇಳಿ ನೋಡಿ. ನಯವಾಗಿಯೇ ಕೇಳಿ, ಬಹುವಚನದಲ್ಲಿಯೇ ಕೇಳಿ.

ಇನ್ನು ಕಾನೂನು. 1961ರ ವರದಕ್ಷಿಣೆ ನಿಷೇಧ ಕಾಯ್ದೆಯ ಪ್ರಕಾರ ಮದುವೆಗೆ ಸಂಬಂಧಿಸಿ ನೇರವಾಗಿ ಅಥವಾ ಸುತ್ತುಬಳಸಿ ಕೊಟ್ಟದ್ದು, ಕೊಡಲು ಒಪ್ಪಿದ್ದು ವರದಕ್ಷಿಣೆಯೇ. ಹೆಸರು ಮರ್ಯಾದೆ ಎಂದಿರಲಿ, ವರೋಪಚಾರ ಎಂದಿರಲಿ. ಕೊಟ್ಟರೂ ತೆಗೆದುಕೊಂಡರೂ 5 ವರ್ಷಕ್ಕೆ ಕಡಿಮೆಯಿಲ್ಲದ ಶಿಕ್ಷೆ ಉಂಟು. ಆದರೆ ನೊಂದವರು ತಮಗಾದದ್ದನ್ನು ಹೇಳಿಕೆಯಾಗಿ ಕೊಟ್ಟರೆ ಆ ಹೇಳಿಕೆಗಾಗಿ ಅವರ ಮೇಲೆ ಮೊಕದ್ದಮೆ ಹೂಡುವಂತಿಲ್ಲ. ಇದು ಗೊತ್ತಿಲ್ಲದೆ ಎಷ್ಟೋ ತಂದೆತಾಯಂದಿರು ಸುಮ್ಮನಿರುತ್ತಾರೆ. ಕೇಳದೆ ಕೊಟ್ಟ ಉಡುಗೊರೆಗಳ ಪಟ್ಟಿಯನ್ನು ಬರೆದು ಸಹಿ ಹಾಕಿ ಇಡಬೇಕೆಂದು 1985ರ ನಿಯಮಗಳು ಹೇಳುತ್ತವೆ. ಜವಳಿ ತೆಗೆಯುವ ಪಟ್ಟಿಯನ್ನು ಜೋಪಾನ ಮಾಡುತ್ತೀರಲ್ಲ, ಇದನ್ನೂ ಮಾಡಿ.

ನಾನು ಇಷ್ಟು ಹೊತ್ತು ಹೇಳಿದ ನಾಲಗೆಯ ವಿಷಯಕ್ಕೂ ಕಾನೂನು ಉಂಟು. 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣಾ ಕಾಯ್ದೆ 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. ಹೊಡೆಯುವುದು ಮಾತ್ರ ಹಿಂಸೆಯೆಂದು ಅದು ಹೇಳುವುದಿಲ್ಲ. ಅವಮಾನ, ಗೇಲಿ, ಕೆಟ್ಟ ಹೆಸರಿಟ್ಟು ಕರೆಯುವುದು, ಮಗುವಾಗಲಿಲ್ಲ, ಗಂಡು ಮಗುವಾಗಲಿಲ್ಲ ಎಂದು ಹಂಗಿಸುವುದು ಇವೆಲ್ಲ ಅದರಲ್ಲಿ ಹೆಸರಿಸಿರುವ ಹಿಂಸೆಗಳು. ಗಂಡನ ಮನೆಯಲ್ಲಿ ವಾಸಿಸುವ ಹಕ್ಕನ್ನೂ ಅದು ಕೊಡುತ್ತದೆ, ಮನೆ ಅವಳ ಹೆಸರಿನಲ್ಲಿ ಇಲ್ಲದಿದ್ದರೂ. ನಮ್ಮ ರಾಜ್ಯದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ ಸಂರಕ್ಷಣಾಧಿಕಾರಿಗಳು, ನಿಮ್ಮ ಅಂಗನವಾಡಿ ಟೀಚರಿಗೆ ಅವರ ಕಚೇರಿ ಗೊತ್ತಿರುತ್ತದೆ. ದೂರನ್ನು ಅವಳೇ ಕೊಡಬೇಕೆಂದಿಲ್ಲ. ಹಿಂಸೆ ನಡೆಯುತ್ತಿದೆ ಎಂದು ನಂಬಲು ಕಾರಣವಿರುವ ಯಾರೂ ಮಾಹಿತಿ ಕೊಡಬಹುದು. ಒಳ್ಳೆಯ ಮನಸ್ಸಿನಿಂದ ಕೊಟ್ಟವರ ಮೇಲೆ ಯಾವ ಹೊಣೆಯೂ ಬರುವುದಿಲ್ಲ. ಅಂದರೆ ನಿಮ್ಮ ಗುಂಪು ಕೊಡಬಹುದು. ಮೊದಲಿನ 498ಎ ಈಗ ಇಲ್ಲ, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೇ ಕಲಂಗಳು ಅದರ ಜಾಗದಲ್ಲಿವೆ. ವಕೀಲರ ಖರ್ಚಿಗೆ ಹೆದರಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಲ್ಲಿ ಹೆಂಗಸರಿಗೆ ಆದಾಯ ನೋಡದೆ ಉಚಿತ ನೆರವು ಉಂಟು. ಫೋನಿನಲ್ಲಿ 181 ಮಹಿಳಾ ಸಹಾಯವಾಣಿ, ತುರ್ತಿಗೆ 112.

ನ್ಯಾಯಾಲಯಗಳೂ ತಮ್ಮ ಮಾತನ್ನು ತಿದ್ದಿಕೊಳ್ಳಲು ಹೊರಟಿವೆ. ಸುಪ್ರೀಂ ಕೋರ್ಟು 2023ರ ಆಗಸ್ಟಿನಲ್ಲಿ ಒಂದು ಕೈಪಿಡಿ ಹೊರತಂದು, ‘ವಿಧೇಯ ಪತ್ನಿ’ಯಂತಹ ಪದಗಳನ್ನು ತೀರ್ಪುಗಳಲ್ಲಿ ಬರೆಯಬೇಡಿ, ಬರೇ ‘ಪತ್ನಿ’ ಸಾಕು ಎಂದು ಹೇಳಿತು. ಕೋರ್ಟಿನವರು ತಿದ್ದಿಕೊಳ್ಳಬಹುದಾದರೆ ಮದುವೆಯ ಕಾಗದದ ಒಕ್ಕಣೆ ಬರೆಯುವ ನಮ್ಮ ಮಾವಂದಿರೂ ತಿದ್ದಿಕೊಳ್ಳಬಹುದು.

ಚಾ ತಣಿಯುತ್ತಿದೆ ಎಂದು ಹೇಳಿ ಕಳಿಸಿದ್ದಾರೆ. ಹಿಂದಿನ ಸಾಲಿನಲ್ಲಿ ಒಬ್ಬ ತಂಗಿ ಆಗಿನಿಂದ ಕೈ ಎತ್ತಿ ಇಳಿಸಿ ಮಾಡುತ್ತಿದ್ದಾಳೆ. ಎದ್ದು ನಿಲ್ಲುವುದು ಬೇಡ, ಕೂತಲ್ಲಿಂದಲೇ ಹೇಳು. ತುಳುವಿನಲ್ಲಿ ಹೇಳಿದರೂ ಆಗುತ್ತದೆ.